ಓದುಗರ ಪ್ರಶ್ನೆ: ‘ಅಂಡರ್ ದ ವೆದರ್’ ಅಂದರೆ ಏನು?

ಪ್ರಶ್ನೆ: ಹೋಂಸ್ಟೇ ಒಂದರಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಓದಿದ್ದು ಕನ್ನಡ ಮೀಡಿಯಂ. ಮಾಮೂಲಿ ಇಂಗ್ಲಿಷಿಗೆ ತೊಂದರೆ ಇಲ್ಲ. ಮೊನ್ನೆ ಒಬ್ಬರು “ಫೀಲಿಂಗ್ ಎ ಬಿಟ್ ಅಂಡರ್ ದ ವೆದರ್” ಅಂದರು. ನಾನು ನಾಳೆ ಬಿಸಿಲು ಬರುತ್ತೆ ಸರ್ ಅಂದುಬಿಟ್ಟೆ! ಇಂಥ ನುಡಿಗಟ್ಟುಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡಲೇ?
– ಓದುಗರು, ಮೂಡಿಗೆರೆ

ಉತ್ತರ: ಬಾಯಿಪಾಠ ಬೇಡ. ಕೇಳಿದಾಗ ಅರ್ಥವಾದರೆ ನಿಮ್ಮ ಕೆಲಸಕ್ಕೆ ಸಾಕು. ಎಲ್ಲವನ್ನೂ ನೀವೇ ಆಡಬೇಕೆಂದೇನೂ ಇಲ್ಲ.

ಆ ಅತಿಥಿ ಹೇಳಿದ್ದು ‘ಯಾಕೋ ಸ್ವಲ್ಪ ಹುಷಾರಿಲ್ಲ’ ಅಂತ. ನೆಗಡಿ, ತಲೆನೋವು, ಸುಸ್ತು, ಇಷ್ಟಕ್ಕೇ ಆ ಮಾತು. ದೊಡ್ಡ ಕಾಯಿಲೆಗೆ ಹೇಳುವುದಿಲ್ಲ. ಮುಂದೆ ಯಾರಾದರೂ ಹಾಗಂದರೆ ಕಷಾಯ ಮಾಡಿಸಲಾ, ಡಾಕ್ಟರಿಗೆ ಫೋನ್ ಮಾಡಲಾ ಎಂದು ಕೇಳಿ.

ಮಾತು ಸಂದರ್ಭಕ್ಕೆ ಹೊಂದುತ್ತಿಲ್ಲ ಅನ್ನಿಸಿದರೆ ನುಡಿಗಟ್ಟೇ ಇರಬೇಕು ಅಂದುಕೊಳ್ಳಿ. ಬಾಬಾಬುಡನ್‌ಗಿರಿಗೆ ಜೀಪ್ ಬಾಡಿಗೆ ವಿಚಾರಿಸುತ್ತಾ “ಬಾಲ್‌ಪಾರ್ಕ್ ಫಿಗರ್” ಹೇಳಿ ಅಂದರೆ? ಬಾಲ್‌ಪಾರ್ಕ್ ಅಂದರೆ ಅಮೆರಿಕದವರ ಬೇಸ್‌ಬಾಲ್ ಮೈದಾನ. ಜೀಪಿಗೂ ಅದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಅವರು ಕೇಳಿದ್ದು ‘ಸುಮಾರು ಎಷ್ಟಾಗಬಹುದು’ ಅಂತ. ಹೊಳೆಯದಿದ್ದರೆ ಅವರನ್ನೇ ಕೇಳಿ, ನಾಚಿಕೆ ಬೇಡ.

ಆಡುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. “ಕಿಕ್ ದ ಬಕೆಟ್” ಅಂದರೆ ಸಾಯುವುದು ಎಂದು ಪಟ್ಟಿಯಲ್ಲಿರುತ್ತದೆ. ಆದರೆ ಅದು ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ. ಸಾವಿನ ಮನೆಯಲ್ಲಿ ಆಡಿದರೆ ಗತಿ ಏನು! ಅಲ್ಲಿ “ಪಾಸ್ಡ್ ಅವೇ” ಅನ್ನಬೇಕು. ಪದ ಬದಲಿಸಿದರೂ ಕೆಟ್ಟಿತು. “ಕಿಕ್ಡ್ ದ ಬಕೆಟ್” ಅನ್ನಬಹುದು. “ಕಿಕ್ಡ್ ಎ ಬಕೆಟ್” ಅಂದಿರೋ, ಸುಮ್ನೆ ಯಾವುದೋ ಬಕೆಟ್ಟಿಗೆ ಒದ್ದ ಅಂತಾಗುತ್ತದೆ. ಪಟ್ಟಿಗಳು ಇದನ್ನೆಲ್ಲ ಹೇಳುವುದೇ ಕಡಿಮೆ. ನಾವು ಶಾಲೆಯಲ್ಲಿ ಕಲಿತ “ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್” ಕೂಡ ಈಗ ಹಳೇ ಕಾಲದ್ದು ಅನ್ನಿಸುತ್ತದೆ. ನಿಮ್ಮ ಕಡೆಯ ಜುಲೈ ಮಳೆಗೆ “ಇಟ್ಸ್ ಪೋರಿಂಗ್” ಸಾಕು.

ಕೆಲವಕ್ಕೆ ನಮ್ಮಲ್ಲೇ ಜೋಡಿ ಇದೆ, ಅವನ್ನು ಮೊದಲು ಹಿಡಿಯಿರಿ. “ಟರ್ನ್ ಎ ಬ್ಲೈಂಡ್ ಐ” ಅಂದರೆ ಜಾಣಕುರುಡು. ಇದಕ್ಕೊಂದು ಕಥೆಯೂ ಉಂಟು. 1801ರ ಕೋಪನ್‌ಹೇಗನ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೆ ಮೇಲಿನವರು ಹಿಂದೆ ಸರಿಯಲು ಬಾವುಟ ತೋರಿಸಿದರಂತೆ. ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ದುರ್ಬೀನನ್ನು ಆ ಕಣ್ಣಿಗೇ ಹಿಡಿದು, ನನಗೆ ಯಾವ ಬಾವುಟವೂ ಕಾಣಿಸುತ್ತಿಲ್ಲ ಅಂದನಂತೆ!

“ಪುಲ್ಲಿಂಗ್ ಮೈ ಲೆಗ್” ಅನ್ನುವುದೂ ನಮ್ಮ ಕಾಲೆಳೆಯುವುದೇ. ಆದರೆ “ಬ್ರೇಕ್ ಎ ಲೆಗ್” ಬೇರೆ. ಅದು ರಂಗಕ್ಕೆ ಹೋಗುವ ನಟರಿಗೆ ಹೇಳುವ ಶುಭಾಶಯ. ಮುಳ್ಳಯ್ಯನಗಿರಿ ಹತ್ತಲು ಹೊರಟ ಅತಿಥಿಗಳಿಗೆ ದಯವಿಟ್ಟು ಅದನ್ನು ಹೇಳಬೇಡಿ. “ಹ್ಯಾವ್ ಎ ಗುಡ್ ಟ್ರೆಕ್” ಅಂದು ಕಳಿಸಿಕೊಡಿ.