ಠರಾವಿನ ಪ್ರತಿ ಸಿಗುತ್ತಿಲ್ಲ

ಪ್ರಶ್ನೆ: ಸಂತೆ ಮೈದಾನದಲ್ಲಿ ಮಳಿಗೆ ಕಟ್ಟಲು ನಮ್ಮೂರ ಪುರಸಭೆ ಠರಾವು ಮಾಡಿದೆಯಂತೆ. ಪ್ರತಿ ಕೇಳಿದರೆ ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಕಾಗದ ಕೈಗೆ ಬರಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಪುರಸಭೆಯ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಹಾಕಿ. ಒಂದೇ ವಿಷಯ, 150 ಪದಗಳೊಳಗೆ ಇರಲಿ. ಮೀರಿದರೆ ಅದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಗಬಹುದು. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ, ಅದು ದಾಖಲೆಯಲ್ಲ. ಸಭೆಯ ದಿನಾಂಕ ಬರೆದು ಕಾರ್ಯಸೂಚಿ, ನಡಾವಳಿ, ಹಾಜರಾತಿ ಪುಟಗಳ ದೃಢೀಕೃತ ಪ್ರತಿ ಕೇಳಿ. ಪುಟಕ್ಕೆ 2 ರೂಪಾಯಿ. 30 ದಿನ ಕಳೆದರೂ ಬಾರದಿದ್ದರೆ, ನಂತರದ 30 ದಿನಗಳಲ್ಲಿ ಮೊದಲ ಮೇಲ್ಮನವಿ ಸಲ್ಲಿಸಿ.

ಅಲ್ಲಿಯವರೆಗೆ ಸುಮ್ಮನೆ ಕಾಯಬೇಡಿ, ಅಡಿಪಾಯ ಬಿದ್ದ ಮೇಲೆ ತಡೆಯುವುದು ಕಷ್ಟ. ಜಿಲ್ಲಾಧಿಕಾರಿಗೆ ಈಗಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ: ಕಾನೂನುಬಾಹಿರ ಠರಾವಿನ ಜಾರಿಯನ್ನು ತಡೆಹಿಡಿಯುವ ಅಧಿಕಾರ 1964ರ ಪುರಸಭೆಗಳ ಕಾಯ್ದೆಯಡಿ ಅವರಿಗಿದೆ.