ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ, ಏನ್ ಮಾಡ್ಲಿ?

ಪ್ರಶ್ನೆ: ಬೈಕ್ ತಗೊಂಡು ನಾಲ್ಕು ವರ್ಷ ಆಯ್ತು ಸರ್, ಓಡ್ಸಿರೋದು ಕಮ್ಮಿ, ಬ್ರೇಕ್ ಆಯಿಲ್ ಒಂದ್ಸಲಾನೂ ಚೇಂಜ್ ಮಾಡ್ಸಿಲ್ಲ. ಈಗ ಕಂದು ಬಣ್ಣ ಬಂದಿದೆ, ಲೆವೆಲ್ಲೂ ಕೆಳಗಿನ ಗೆರೆ ಹತ್ರ ಇಳಿದಿದೆ. ಮುಚ್ಚಳದ ಮೇಲೆ ಡಾಟ್ 4 (ಬ್ರೇಕ್ ಆಯಿಲ್ ದರ್ಜೆ) ಅಂತಿದೆ, ಫ್ರೆಂಡ್ ಡಾಟ್ 5 ಹಾಕು ಇನ್ನೂ ಚೆನ್ನಾಗಿರುತ್ತೆ ಅಂತಾನೆ. ಹೋದ ವರ್ಷ ಓಪನ್ ಮಾಡಿದ್ದ ಡಾಟ್ 4 ಅರ್ಧ ಬಾಟಲ್ ಮನೇಲಿದೆ, ಸದ್ಯಕ್ಕೆ ಅದನ್ನೇ ಟಾಪ್ ಅಪ್ ಮಾಡ್ಲಾ?

ಉತ್ತರ: ಆ ಅರ್ಧ ಬಾಟಲ್ ದಯವಿಟ್ಟು ಹಾಕ್ಬೇಡಿ, ಡಾಟ್ 5 ಅಂತೂ ಬೇಡವೇ ಬೇಡ. ನಂಬರ್ ಜಾಸ್ತಿ ಇದ್ರೆ ಮಾಲು ಒಳ್ಳೇದು ಅಂತ ತುಂಬ ಜನ ಅಂದ್ಕೊಂಡಿದಾರೆ, ಆದ್ರೆ ಡಾಟ್ 3, 4, 5.1 ಇವು ಮೂರೂ ಗ್ಲೈಕಾಲ್ ಜಾತಿಯವು, ಡಾಟ್ 5 ಒಂದೇ ಸಿಲಿಕೋನ್, ಅದು ಇವುಗಳ ಜೊತೆ ಬೆರೆಯಲ್ಲ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಬೈಕಿಗೂ ಆಗಲ್ಲ. ನಿಮ್ಗೆ ಡಾಟ್ 4 ಸಾಕು.

ಓಡ್ಸಿರೋದು ಕಮ್ಮಿ ಅಂದ್ರಲ್ಲ, ಬ್ರೇಕ್ ಆಯಿಲ್ ಹಾಳಾಗೋಕೆ ಕಿಲೋಮೀಟರ್ ಬೇಕಿಲ್ಲ. ಗಾಡಿ ನಿಂತಲ್ಲೇ ನಿಂತಿದ್ರೂ ಅದು ಗಾಳೀಲಿರೋ ತೇವ ಎಳ್ಕೋತಾನೇ ಇರುತ್ತೆ, ರಬ್ಬರ್ ಹೋಸ್ ಮೂಲಕಾನೂ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತೆ. ಹೊಸ ಡಾಟ್ 4 ಕುದಿಯೋಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ಅದೇ 3.7 ಪರ್ಸೆಂಟ್ ನೀರು ಸೇರಿದ್ರೆ 155 ಡಿಗ್ರಿ ತಾಳಿದ್ರೂ ಸಾಕು ಅಂತ ಸ್ಟ್ಯಾಂಡರ್ಡೇ ಹೇಳುತ್ತೆ. ಉದ್ದದ ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಕಾಯುತ್ತೆ, ಒಳಗೆ ಆವಿ ಆಗುತ್ತೆ, ಲಿವರ್ ಒತ್ತಿದ್ರೆ ಆ ಆವಿ ಅಷ್ಟೇ ಅದುಮ್ಕೊಳ್ಳುತ್ತೆ, ಪ್ಯಾಡ್‌ಗೆ ಒತ್ತಡ ಹೋಗಲ್ಲ. ನಂಗೊಮ್ಮೆ ಹಾಗೇ ಆಗಿತ್ತು, ಮೇಲೆ ಗಟ್ಟಿಯಾಗೇ ಇದ್ದ ಲಿವರ್ ಮೂರನೇ ತಿರುವು ದಾಟೋಷ್ಟರಲ್ಲಿ ಗ್ರಿಪ್ಪಿಗೇ ಬಂದು ತಾಗಿತು, ಹಿಂದಿನ ಬ್ರೇಕು, ಕೆಳಗಿನ ಗೇರು ಇದ್ದಿದ್ದಕ್ಕೆ ನಿಂತೆ. ಅವತ್ತಿಂದ ಎರಡು ವರ್ಷ ಆಯ್ತು ಅಂದ್ರೆ ಬಣ್ಣ ಹೇಗೇ ಇರ್ಲಿ ಚೇಂಜ್ ಮಾಡೇ ಮಾಡ್ತೀನಿ. ನಿಮ್ಮ ಹಳೇ ಬಾಟಲ್ಲೂ ಅಷ್ಟೇ, ಸೀಲ್ ಒಡೆದು ವರ್ಷ ಆಗಿದೆ ಅಂದ್ರೆ ಅದೂ ನೀರು ಕುಡಿದಿರುತ್ತೆ.

ಇನ್ನು ಲೆವೆಲ್. ಪ್ಯಾಡ್ ಸವೆದಂಗೆ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತೆ, ಅದ್ರ ಹಿಂದಿನ ಜಾಗ ತುಂಬೋಕೆ ಆಯಿಲ್ ಕೆಳಗಿಳಿಯುತ್ತೆ. ಅದಕ್ಕೇ ಮೊದ್ಲು ಪ್ಯಾಡ್ ನೋಡಿ. ಸವೆದಿದ್ರೆ ಹೊಸ ಪ್ಯಾಡ್ ಹಾಕಿ ಆಯಿಲ್ ಪೂರ್ತಿ ಬದಲಾಯಿಸಿ. ಪ್ಯಾಡ್ ದಪ್ಪಗೇ ಇದ್ದೂ ಲೆವೆಲ್ ಇಳಿದಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಹೋಸ್ ಜಾಯಿಂಟು, ಕ್ಯಾಲಿಪರ್, ಲಿವರ್ ಬುಡ ಬೆರಳಾಡಿಸಿ ನೋಡಿ, ಒದ್ದೆ ಸಿಕ್ಕಿದ್ರೆ ಸರಿ ಮಾಡ್ಸೋ ತನಕ ಗಾಡಿ ತೆಗೀಬೇಡಿ.

ಪ್ರಶ್ನೆ: ನಾನೇ ಆಯಿಲ್ ಚೇಂಜ್ ಮಾಡ್ದೆ, ಆಮೇಲಿಂದ ಲಿವರ್ ಸ್ಪಂಜಿನ ಥರ ಮೆತ್ತಗಾಗಿದೆ. ಯಾಕೆ?

ಉತ್ತರ: ಲೈನಲ್ಲಿ ಗಾಳಿ ಸೇರಿದೆ. ಒಂದೋ ಮಧ್ಯದಲ್ಲಿ ಮೇಲಿನ ಡಬ್ಬಿ ಖಾಲಿಯಾಗಿದೆ, ಇಲ್ಲಾ ನಿಪ್ಪಲ್ (ಕ್ಯಾಲಿಪರ್ ಮೇಲಿರೋ, ಆಯಿಲ್ ಹೊರಗೆ ಬಿಡೋ ಸ್ಕ್ರೂ) ಟೈಟ್ ಮಾಡೋಕ್ ಮುಂಚೆ ಲಿವರ್ ಬಿಟ್ಟಿದೀರ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಲಿವರ್ ಒತ್ತಿ ಹಿಡೀರಿ, ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಟೈಟ್ ಮಾಡಿ, ಆಮೇಲೇ ಲಿವರ್ ಬಿಡಿ. ಪೈಪಲ್ಲಿ ಗುಳ್ಳೆ ನಿಲ್ಲೋ ತನಕ ಇದೇ ಕೆಲ್ಸ, ಬೇಸರ ಮಾಡ್ಕೋಬೇಡಿ. ಎಬಿಎಸ್ ಬೈಕಾಗಿದ್ದು ಇಷ್ಟಕ್ಕೂ ಗಟ್ಟಿಯಾಗ್ಲಿಲ್ಲ ಅಂದ್ರೆ ಎಬಿಎಸ್ ಯೂನಿಟ್ ಒಳಗೇ ಗಾಳಿ ನಿಂತಿರಬಹುದು, ಅದನ್ನ ತೆಗೆಯೋಕೆ ಕೆಲವು ಬೈಕಿಗೆ ಸ್ಕ್ಯಾನರ್ ಬೇಕಾಗುತ್ತೆ, ಸರ್ವಿಸ್ ಸೆಂಟರಿಗೆ ಬಿಡಿ, ಆದ್ರೆ ಓಡಿಸ್ಕೊಂಡು ಹೋಗ್ಬೇಡಿ. ಟ್ಯಾಂಕ್ ಮೇಲೆ ಆಯಿಲ್ ಒಂದು ಹನಿ ಬಿದ್ರೂ ತಕ್ಷಣ ನೀರು ಸುರಿದು ತೊಳೀರಿ, ಇಲ್ಲಾಂದ್ರೆ ಪೇಂಟ್ ಎದ್ದು ಬರುತ್ತೆ.