ಚೀನಾದ ಚಿತ್ರದಲ್ಲಿ ಮನುಷ್ಯ ಎಲ್ಲಿದ್ದಾನೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಚೀನಾದ ಬೆಟ್ಟ-ನದಿಗಳ ಚಿತ್ರಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಮನುಷ್ಯರ ಚಿತ್ರಗಳನ್ನು ಯಾಕೆ ಬಿಟ್ಟಿರಿ? ಅದಕ್ಕೆ ಒಂದು ಪೂರ್ತಿ ಕಂತೇ ಬೇಕು ಅಂತ ಎತ್ತಿಟ್ಟಿದ್ದೆ. ಈ ಸಲ ಅದೇ ವಿಷಯ.

ಪ್ರಶ್ನೆ: ಚೀನಾದ ಚಿತ್ರ ಅಂದ್ರೆ ನಮಗೆ ಗೊತ್ತಿರೋದು ಮಂಜು, ಬೆಟ್ಟ, ಬಿದಿರು ಇಷ್ಟೇ. ಅಲ್ಲಿ ಮನುಷ್ಯರ ಚಿತ್ರಕ್ಕೆ ಬೆಲೆ ಕಡಿಮೆಯೇ? ಬೇರೆ ಪ್ರಕಾರಗಳ ನಡುವೆ ಅದರ ಸ್ಥಾನ ಏನು? (ಮುಲುಂಡ್‌ನ ಓದುಗರು)

ಬೆಲೆ ಕಡಿಮೆ ಇರಲಿಲ್ಲ ಸರ್. ಶುರುವಿನಲ್ಲಿ ಅದಕ್ಕೇ ಮೊದಲ ಪಂಕ್ತಿ. ಈಗ ಚೀನೀ ಚಿತ್ರಕಲೆಯನ್ನು ಮೂರು ದೊಡ್ಡ ಪ್ರಕಾರ ಮಾಡಿ ಹೇಳುತ್ತಾರೆ: ಮನುಷ್ಯಾಕೃತಿ, ಬೆಟ್ಟ-ನೀರು (ಅಂದ್ರೆ ಪ್ರಕೃತಿಯ ದೃಶ್ಯ), ಹೂವು-ಹಕ್ಕಿ. ಮೂರರಲ್ಲಿ ಹಳೆಯದು ಮನುಷ್ಯಾಕೃತಿ. ಹುನಾನ್ ಪ್ರಾಂತ್ಯದ ಚಾಂಗ್‌ಶಾ ಊರಿನ ಗೋರಿಗಳಲ್ಲಿ ರೇಷ್ಮೆಯ ಮೇಲೆ ಬರೆದ ಎರಡು ಚಿತ್ರ ಸಿಕ್ಕಿವೆ. ಒಂದರಲ್ಲಿ ಕೈಮುಗಿದು ನಿಂತ ಹೆಂಗಸು, ಇನ್ನೊಂದರಲ್ಲಿ ಡ್ರ್ಯಾಗನ್ ಮೇಲೆ ನಿಂತು ಹೊರಟ ಗಂಡಸು. ಎರಡಕ್ಕೂ 2200 ವರ್ಷಕ್ಕಿಂತ ಜಾಸ್ತಿ ವಯಸ್ಸು. ಬೆಟ್ಟ-ನೀರಿನ ಚಿತ್ರ ಸ್ವಂತ ಕಾಲ ಮೇಲೆ ನಿಂತಿದ್ದು ಇದಾಗಿ ನೂರಾರು ವರ್ಷಗಳ ನಂತರ.

ಯಾಕೆ ಮನುಷ್ಯ ಮೊದಲು ಅಂದ್ರೆ, ಆಗ ಚಿತ್ರಕ್ಕೆ ಒಂದು ಕೆಲಸ ಇತ್ತು. ಅದು ಬುದ್ಧಿ ಹೇಳಬೇಕಿತ್ತು. ಒಳ್ಳೆಯ ರಾಜನನ್ನು ನೋಡಿ ಕಲಿಯಬೇಕು, ಕೆಟ್ಟ ರಾಜನನ್ನು ನೋಡಿ ಹೆದರಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗು ಕೈಜಿ ಎಂಬ ನಾಲ್ಕನೇ ಶತಮಾನದ ಕಲಾವಿದನ ಹೆಸರಿನ ಒಂದು ಸುರುಳಿ ಚಿತ್ರ ಇದೆ. ಅವನ ಕಾಲದ ನಂತರದ ಪ್ರತಿ ಅದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ವಿಷಯ, ಅರಮನೆಯ ಹೆಂಗಸರಿಗೆ ಕ್ರಿ.ಶ. 292ರಲ್ಲಿ ಬರೆದ ಬುದ್ಧಿಮಾತು. ಒಂದು ಕಡೆ ಕರಡಿ ತಪ್ಪಿಸಿಕೊಂಡು ರಾಜನ ಕಡೆ ನುಗ್ಗಿದೆ, ಫೆಂಗ್ ಎಂಬ ರಾಣಿವಾಸದ ಹೆಂಗಸು ಅದಕ್ಕೆ ಅಡ್ಡ ನಿಂತಿದ್ದಾಳೆ. ಈಟಿ ಹಿಡಿದ ಕಾವಲುಗಾರರ ಮುಖದಲ್ಲಿ ಗಾಬರಿ, ಅವಳ ಮುಖದಲ್ಲಿ ಒಂಚೂರೂ ಇಲ್ಲ. ಇನ್ನೊಂದು ಕಡೆ ಒಬ್ಬಳು ಕನ್ನಡಿ ಮುಂದೆ ಕೂತಿದ್ದಾಳೆ, ಮತ್ತೊಬ್ಬಳ ತಲೆ ಬಾಚುತ್ತಿದ್ದಾರೆ. ಪಕ್ಕದ ಬರಹದ ಸಾರ ಇಷ್ಟು: ಮುಖ ಸಿಂಗರಿಸಲು ಎಲ್ಲರಿಗೂ ಗೊತ್ತು, ನಡತೆ ತಿದ್ದಲು ಗೊತ್ತಿರುವವರು ಕಡಿಮೆ.

ಇದೇ ಗು ಕೈಜಿ ಚಿತ್ರ ಬರೆದು ಮುಗಿಸಿದ ಮೇಲೂ ಕಣ್ಣುಗುಡ್ಡೆ ಮಾತ್ರ ವರ್ಷಗಟ್ಟಲೆ ಇಡುತ್ತಿರಲಿಲ್ಲವಂತೆ. ಕೈಕಾಲು ಚೆನ್ನಾಗಿ ಬಂದರೂ ಬರದಿದ್ದರೂ ಅಷ್ಟೇನೂ ಅಲ್ಲ, ಜೀವ ಇರೋದು ಕಣ್ಣಲ್ಲಿ ಅನ್ನುವುದು ಅವನ ಮಾತು. ಎಲ್ಲಕ್ಕಿಂತ ಕಷ್ಟದ್ದು ಮನುಷ್ಯನ ಚಿತ್ರ, ಆಮೇಲೆ ಬೆಟ್ಟ-ನೀರು, ಆಮೇಲೆ ನಾಯಿ-ಕುದುರೆ, ಕಟ್ಟಡ ಸುಲಭ ಅಂತಲೂ ಅವನ ಹೆಸರಿನಲ್ಲಿ ಒಂದು ಮಾತಿದೆ. ತಾಂಗ್ ಅರಸರ ಕಾಲದ (618–907) ವಿಮರ್ಶಕ ಝು ಜಿಂಗ್‌ಶ್ವಾನ್ ಕೂಡ ಮನುಷ್ಯರನ್ನು ಮೊದಲು ಇಟ್ಟ, ಪ್ರಾಣಿ-ಪಕ್ಷಿಗಳನ್ನು ಎರಡನೆಯದಾಗಿ, ಬೆಟ್ಟ-ನೀರನ್ನು ಮೂರನೆಯದಾಗಿ.

ಹಾಗಾದರೆ ಸ್ಥಾನ ಹೋಗಿದ್ದು ಯಾವಾಗ? ತಾಂಗ್ ಸಾಮ್ರಾಜ್ಯ 907ರಲ್ಲಿ ಬಿತ್ತು. ಅದಕ್ಕೂ ಮುಂಚೆ 845ರಲ್ಲಿ ಬೌದ್ಧ ವಿಹಾರಗಳನ್ನು ದೊಡ್ಡ ಮಟ್ಟದಲ್ಲಿ ಕೆಡವಿದ್ದರು, ಗೋಡೆಗಳ ಜೊತೆ ಗೋಡೆಯ ಚಿತ್ರಗಳೂ ಹೋದವು. ಆಮೇಲಿನ ಸೋಂಗ್ ಅರಸರ ಕಾಲದಲ್ಲಿ (960–1279) ಓದಿದ ಅಧಿಕಾರಿಗಳು ತಾವೇ ಕುಂಚ ಹಿಡಿದರು. ಅವರಿಗೆ ಯಾರಿಗೂ ಬುದ್ಧಿ ಹೇಳಬೇಕಿರಲಿಲ್ಲ, ತಮ್ಮ ಮನಸ್ಸಿನ ಮಾತು ಹೇಳಬೇಕಿತ್ತು, ಅದಕ್ಕೆ ಬೆಟ್ಟ, ಬಂಡೆ, ಬಿದಿರು ಸಾಕಾಯಿತು. ಕವಿ ಸು ಶಿ ಅಂತೂ ಚಿತ್ರವನ್ನು ಹೋಲಿಕೆಯಿಂದ ಅಳೆಯುವುದು ಮಕ್ಕಳ ಬುದ್ಧಿ ಅಂದುಬಿಟ್ಟ. 11ನೇ ಶತಮಾನದ ಗುವೋ ರುವೋಶು ಎಂಬ ಬರಹಗಾರ ಲೆಕ್ಕ ಚುಕ್ತಾ ಮಾಡಿದ: ಬುದ್ಧರು, ಮನುಷ್ಯರು, ಹೆಂಗಸರು, ಎತ್ತು-ಕುದುರೆಗಳಲ್ಲಿ ಈಗಿನವರು ಹಿಂದಿನವರ ಸಮ ಇಲ್ಲ, ಬೆಟ್ಟ, ಮರ, ಹೂವು, ಹಕ್ಕಿ, ಮೀನುಗಳಲ್ಲಿ ಹಿಂದಿನವರು ಈಗಿನವರ ಸಮ ಇಲ್ಲ.

ಆದರೂ ದರ್ಬಾರಿನ ಪಟ್ಟಿ ಬೇರೆಯೇ ಹೇಳುತ್ತದೆ. ಸಾಮ್ರಾಟ ಹುಯಿಝೋಂಗ್‌ನ ಸಂಗ್ರಹಕ್ಕೆ 1120ರ ಹೊತ್ತಿಗೆ ಮಾಡಿದ ಸೂಚಿಯಲ್ಲಿ 231 ಕಲಾವಿದರ 6,396 ಚಿತ್ರಗಳನ್ನು ಹತ್ತು ವಿಭಾಗ ಮಾಡಿದ್ದಾರೆ. ಮೊದಲನೆಯದು ದಾವೋ ಎಂಬ ಚೀನಾದ ಹಳೆಯ ಪಂಥದ ಮತ್ತು ಬೌದ್ಧರ ದೇವರುಗಳು, ಎರಡನೆಯದು ಮನುಷ್ಯರು. ಬೆಟ್ಟ-ನೀರು ಬರುವುದು ಆರನೇ ಜಾಗದಲ್ಲಿ. ಹಾಗಾಗಿ ಮನುಷ್ಯಾಕೃತಿ ಒಂದು ದಿನ ಸೋತು ಮನೆಗೆ ಹೋಯಿತು ಅಂತ ತಿಳಿಯಬೇಡಿ. ಓದಿದವರ ಮೆಚ್ಚುಗೆ ಬೇರೆ ಕಡೆ ಹೋಯಿತು, ಅಷ್ಟೇ. ಪುಸ್ತಕ ಬರೆದವರೂ ಅವರೇ ಆದ್ದರಿಂದ ನಮ್ಮವರೆಗೆ ಬಂದಿದ್ದು ಅವರ ಮೆಚ್ಚುಗೆ. ಈ ಪಟ್ಟಿಗಳನ್ನು ನಂಬಿ ಚಿತ್ರ ನೋಡದೆ ಬಿಟ್ಟರೆ ನಷ್ಟ ನಮಗೇ.

ಪ್ರಶ್ನೆ: ನಾನು ಪುಣೆಯಲ್ಲಿ ಶಾಲೆಯ ಚಿತ್ರಕಲಾ ಶಿಕ್ಷಕಿ. ಚೀನೀ ಚಿತ್ರಗಳಲ್ಲಿ ಎಲ್ಲ ಮುಖಗಳೂ ಒಂದೇ ಥರ ಕಾಣುತ್ತವೆ, ನೆರಳು-ಬೆಳಕು ಇಲ್ಲ. ಅವರಿಗೆ ಹೋಲಿಕೆ ತರಲು ಬರುತ್ತಿರಲಿಲ್ಲವೇ? (ಕೊಥ್ರೂಡ್‌ನ ಓದುಗರು)

ಬರುತ್ತಿತ್ತು ಮೇಡಂ. ಹಿರಿಯರ ಪೂಜೆಗೆ ಬರೆಸುತ್ತಿದ್ದ ಭಾವಚಿತ್ರಗಳನ್ನು ನೋಡಿ, ಸುಕ್ಕು, ಮಚ್ಚೆ, ಜೋತುಬಿದ್ದ ಕಣ್ಣು ಎಲ್ಲ ಇರುತ್ತದೆ. ಅದು ಬೇರೆ ಕಸುಬು, ಬೇರೆ ಗಿರಾಕಿ. ನೀವು ಹೇಳುವ ಚಿತ್ರಗಳಲ್ಲಿ ಕಲಾವಿದ ಮುಖಕ್ಕಿಂತ ಮೈಯ ನಿಲುವಿಗೆ, ಬಟ್ಟೆಗೆ, ಒಬ್ಬರಿಂದ ಒಬ್ಬರಿಗೆ ಇರುವ ದೂರಕ್ಕೆ ಜಾಸ್ತಿ ಗಮನ ಕೊಟ್ಟಿರುತ್ತಾನೆ. ನಮ್ಮ ಯಕ್ಷಗಾನದಲ್ಲಿ ವೇಷ, ಕಿರೀಟ, ರಂಗಕ್ಕೆ ಬರುವ ಹೆಜ್ಜೆ ನೋಡಿಯೇ ಪಾತ್ರ ಯಾವುದು ಅಂತ ಹೇಳುತ್ತೇವಲ್ಲ, ಹಾಗೆ ನೋಡಬೇಕು. ಮಕ್ಕಳಿಗೂ ಹಾಗೇ ಹೇಳಿಕೊಡಿ: ಮೊದಲು ಬಟ್ಟೆಯ ಗೆರೆ ನೋಡಿ, ಮುಖಕ್ಕೆ ಆಮೇಲೆ ಬನ್ನಿ.

ಒಂದು ಚಿತ್ರ ಹೇಳುತ್ತೇನೆ, ಬೋಸ್ಟನ್ ಮ್ಯೂಸಿಯಂನದು. ಅರಮನೆಯ ಹೆಂಗಸರು ಹೊಸದಾಗಿ ನೇಯ್ದ ರೇಷ್ಮೆಯನ್ನು ಹದ ಮಾಡುತ್ತಿರುವ ಚಿತ್ರ. ತಾಂಗ್ ಕಾಲದ ಝಾಂಗ್ ಶ್ವಾನ್ ಬರೆದದ್ದರ ಪ್ರತಿ ಇದು, ಪ್ರತಿ ಮಾಡಿದವನು ಸಾಮ್ರಾಟ ಹುಯಿಝೋಂಗ್ ಅಂತ ಹೇಳಿಕೆ. ಒಂದು ತುದಿಯಲ್ಲಿ ನಾಲ್ವರು ಉದ್ದ ಒನಕೆಗಳಿಂದ ರೇಷ್ಮೆ ಕುಟ್ಟುತ್ತಿದ್ದಾರೆ, ಅವರಲ್ಲಿ ಒಬ್ಬಳು ನಡುವೆ ನಿಲ್ಲಿಸಿ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಾಳೆ. ನಡುವೆ ಇಬ್ಬರು ನೂಲು-ಸೂಜಿ ಕೆಲಸದಲ್ಲಿ. ಇನ್ನೊಂದು ತುದಿಯಲ್ಲಿ ಇಸ್ತ್ರಿ. ಬಿಳಿ ರೇಷ್ಮೆಯನ್ನು ಎರಡು ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದಿದ್ದಾರೆ, ಕೆಂಡ ತುಂಬಿದ ಹಿಡಿಕೆಯ ಪಾತ್ರೆಯನ್ನು ಒಬ್ಬಳು ಅದರ ಮೇಲೆ ಆಡಿಸುತ್ತಿದ್ದಾಳೆ. ಎಳೆಯುವವಳ ಮೈ ಹಿಂದಕ್ಕೆ ವಾಲಿದೆ. ಅವಳ ಬಟ್ಟೆಯ ಗೆರೆಗಳು ಸೊಂಟದಿಂದ ನೆಲದವರೆಗೆ ಇಳಿಯುವ ರೀತಿಯಲ್ಲೇ ಆ ಎಳೆತದ ಭಾರ ಗೊತ್ತಾಗುತ್ತದೆ. ನೆರಳು ಹಾಕಿಲ್ಲ, ಸ್ನಾಯು ತೋರಿಸಿಲ್ಲ. ಒಲೆಗೆ ಬೀಸಣಿಗೆ ಹಾಕುವ ಹುಡುಗಿ ಬಿಸಿ ತಡೆಯಲಾರದೆ ಮುಖ ಆಚೆ ತಿರುಗಿಸಿದ್ದಾಳೆ. ರೇಷ್ಮೆಯ ಕೆಳಗೆ ಒಂದು ಪುಟ್ಟ ಹುಡುಗಿ ಆಟ. ಮುಖಗಳೆಲ್ಲ ಒಂದೇ ಥರ ಇವೆ, ನಿಜ. ಆದರೆ ಯಾರ ಕೆಲಸವೂ ಇನ್ನೊಬ್ಬರ ಹಾಗಿಲ್ಲ. ಹಿನ್ನೆಲೆ ಪೂರ್ತಿ ಖಾಲಿ, ಗೋಡೆ ಇಲ್ಲ, ನೆಲ ಇಲ್ಲ, ಆದರೂ ಯಾರೂ ಗಾಳಿಯಲ್ಲಿ ತೇಲುವುದಿಲ್ಲ.

ಮುಖದ ಕೆಲಸವೇ ಬೇಕು ಅಂದ್ರೆ ಬೀಜಿಂಗ್‌ನ ಅರಮನೆ ಮ್ಯೂಸಿಯಂನ ಹಾನ್ ಶೀಝಾಯ್‌ನ ರಾತ್ರಿ ಔತಣದ ಸುರುಳಿ ನೋಡಿ. ಹಾನ್ 10ನೇ ಶತಮಾನದ ಒಬ್ಬ ಮಂತ್ರಿ. ಅವನ ಮನೆಯಲ್ಲಿ ರಾತ್ರಿಯಿಡೀ ಏನು ನಡೆಯುತ್ತದೆ ನೋಡಿಕೊಂಡು ಬಾ ಅಂತ ರಾಜ ಲಿ ಯು ಕಲಾವಿದ ಗು ಹೊಂಗ್‌ಝೋಂಗ್‌ನನ್ನು ಕಳಿಸಿದ, ಅವನು ಬಂದು ನೆನಪಿನಿಂದ ಬರೆದ ಅನ್ನುವುದು ಕಥೆ. ಈಗ ಇರುವುದು ಸೋಂಗ್ ಕಾಲದ ಪ್ರತಿ. ಉದ್ದ ಮೂರು ಮೀಟರ್‌ಗಿಂತ ಜಾಸ್ತಿ, ಐದು ದೃಶ್ಯ. ನಡುನಡುವೆ ನೆಲದ ಮೇಲೆ ನಿಲ್ಲಿಸುವ ಪರದೆ ಇಟ್ಟು ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿಸಿದ್ದಾನೆ. ಹಾನ್ ಐದೂ ಕಡೆ ಬರುತ್ತಾನೆ. ಎತ್ತರದ ಕಪ್ಪು ಟೋಪಿ, ಗಡ್ಡ, ನೋಡಿದ ಕೂಡಲೇ ಗುರುತು ಸಿಗುತ್ತದೆ. ವೀಣೆಯಂಥ ವಾದ್ಯ ಕೇಳುತ್ತಾನೆ, ನಾಟ್ಯಕ್ಕೆ ತಾನೇ ನಗಾರಿ ಬಾರಿಸುತ್ತಾನೆ, ಮುಖದಲ್ಲಿ ಮಾತ್ರ ಒಂದು ಕಡೆಯೂ ನಗು ಇಲ್ಲ. ಅಷ್ಟು ಸಂಭ್ರಮದ ನಡುವೆ ಅಷ್ಟು ದುಃಖದ ಮುಖ ಬರೆದವನಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಅನ್ನೋದು ಸಾಧ್ಯವೇ ಇಲ್ಲ. ಇದು ರಾತ್ರಿಯ ಚಿತ್ರ ಅಲ್ವಾ, ಆದರೆ ಕತ್ತಲೆ ಬರೆದೇ ಇಲ್ಲ. ಉರಿಯುವ ಮೇಣದಬತ್ತಿ ಒಂದು ಇಟ್ಟಿದ್ದಾನೆ, ಸಾಕು.

ಪ್ರಶ್ನೆ: ಅಜಂತಾ ನಮ್ಮ ಹತ್ತಿರವೇ ಇದೆ. ಅಲ್ಲಿಯ ಚಿತ್ರಗಳಿಗೂ ಚೀನಾದ ಚಿತ್ರಗಳಿಗೂ ಸಂಬಂಧ ಉಂಟಾ? (ವಾಸ್ಕೋದ ಓದುಗರು)

ಉಂಟು. ಬೌದ್ಧ ಧರ್ಮ ಇಲ್ಲಿಂದ ಹೋಗುವಾಗ ಬುದ್ಧನ, ಬೋಧಿಸತ್ವರ ರೂಪಗಳೂ ಮಧ್ಯ ಏಷ್ಯಾದ ದಾರಿಯಲ್ಲಿ ಚೀನಾಕ್ಕೆ ಹೋದವು. ದಾರಿಯ ಬಾಗಿಲಲ್ಲಿ ಇರುವ ದುನ್‌ಹುವಾಂಗ್‌ನ ಮೊಗಾವೋ ಗುಹೆಗಳ ಕೆಲಸ 366ರಲ್ಲಿ ಶುರುವಾಯಿತು ಎಂದು ಹೇಳುತ್ತಾರೆ. ಅಲ್ಲಿಯ ಹಳೆಯ ಗುಹೆಗಳಲ್ಲಿ ಮೈಗೆ ಅಂಚಿನಲ್ಲಿ ಗಾಢ ಬಣ್ಣ ಹಾಕಿ ಉಬ್ಬು ತೋರಿಸಿದ್ದಾರೆ, ಅಜಂತಾದಲ್ಲಿ ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಆರನೇ ಶತಮಾನದ ಝಾಂಗ್ ಸೆಂಗ್ಯೌ ನಾನ್‌ಜಿಂಗ್‌ನ ಒಂದು ದೇವಾಲಯದ ಬಾಗಿಲಿಗೆ ಭಾರತದ ರೀತಿಯಲ್ಲಿ ಹೂವು ಬರೆದಿದ್ದನಂತೆ. ದೂರದಿಂದ ಉಬ್ಬಿದ ಹಾಗೆ, ಹತ್ತಿರ ಹೋದರೆ ಸಪಾಟು ಅಂತ ಹಳೆಯ ದಾಖಲೆ ಹೇಳುತ್ತದೆ.

ಕ್ರಮೇಣ ಚೀನೀಯರು ಆ ನೆರಳನ್ನು ಬಿಟ್ಟು ಗೆರೆಯನ್ನೇ ಉಳಿಸಿಕೊಂಡರು. ತಾಂಗ್ ಕಾಲದ ವು ದಾವೋಜಿಯ ಬಟ್ಟೆಯ ಗೆರೆಗಳು ಗಾಳಿಗೆ ಹಾರುತ್ತಿದ್ದವು ಅನ್ನುತ್ತಿದ್ದರು. ಅವನು ಬರೆದ ದೇವಾಲಯದ ಗೋಡೆಗಳಲ್ಲಿ ಒಂದೂ ಉಳಿದಿಲ್ಲ. ನನಗೆ ಚೀನೀ ಕಲೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಕಾಣುವುದಿಲ್ಲ.

ಕನ್ನಡಿಗರಿಗೆ ಇನ್ನೂ ಒಂದು ಮಾತು. ಏಳನೇ ಶತಮಾನದಲ್ಲಿ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ನಮ್ಮ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದಿದ್ದ. ಬಂಡೆ ಕೊರೆದು ಮಾಡಿದ ಒಂದು ವಿಹಾರವನ್ನು ವರ್ಣಿಸಿದ್ದಾನೆ, ಅದು ಅಜಂತಾವೇ ಇರಬೇಕು ಅಂತ ವಿದ್ವಾಂಸರು ಹೇಳುತ್ತಾರೆ. ದೆಹಲಿಗೆ ಹೋದರೆ ರಾಷ್ಟ್ರೀಯ ಮ್ಯೂಸಿಯಂನ ಮಧ್ಯ ಏಷ್ಯಾ ಸಂಗ್ರಹ ಬಿಡಬೇಡಿ. ಪುರಾತತ್ವಜ್ಞ ಆರೆಲ್ ಸ್ಟೈನ್ ತಂದ ದುನ್‌ಹುವಾಂಗ್‌ನ ರೇಷ್ಮೆ ಚಿತ್ರಗಳು ಅಲ್ಲಿ ಸೇರಿವೆ.

ಪ್ರಶ್ನೆ: ಇದೆಲ್ಲ ಹಳೇ ಕಾಲದ್ದು. ಆಧುನಿಕ ಕಾಲದಲ್ಲಿ ಮನುಷ್ಯಾಕೃತಿಗೆ ಮತ್ತೆ ಮರ್ಯಾದೆ ಬಂತೇ? (ಮಾಟುಂಗಾದ ಓದುಗರು)

ಬಂತು, ಅದೂ ಭಾರತದ ಮೂಲಕ ಹಾದು ಬಂತು. ಪ್ಯಾರಿಸ್‌ನಲ್ಲಿ ಕಲಿತ ಚೀನೀ ಕಲಾವಿದ ಶು ಬೈಹೊಂಗ್ 1939ರ ಕೊನೆಯಲ್ಲಿ ಟಾಗೋರರ ಆಹ್ವಾನದ ಮೇಲೆ ಶಾಂತಿನಿಕೇತನಕ್ಕೆ ಬಂದ. ಅಲ್ಲಿ ಟಾಗೋರರ ಚಿತ್ರ ಬರೆದ, 1940ರಲ್ಲಿ ಗಾಂಧೀಜಿಯವರನ್ನು ನೋಡಿ ರೇಖಾಚಿತ್ರ ಮಾಡಿದ. ಅದೇ ವರ್ಷ ಇಲ್ಲೇ ತನ್ನ ದೊಡ್ಡ ಚಿತ್ರವೊಂದನ್ನು ಬರೆದ. ಮನೆಯ ಮುಂದಿನ ಬೆಟ್ಟವನ್ನೇ ಅಗೆದು ಸಾಗಿಸಲು ಹೊರಟ ಮುದುಕನ ಹಳೆಯ ಚೀನೀ ಕಥೆ ಅದು. ಚೀನಾ ಆಗ ಜಪಾನಿನ ಜೊತೆ ಯುದ್ಧದಲ್ಲಿತ್ತು, ಬಿಡದೆ ಅಗೆಯುವವರ ಕಥೆಯನ್ನೇ ಯಾಕೆ ಆರಿಸಿಕೊಂಡ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗುದ್ದಲಿ ಎತ್ತಿದ ಆ ಬರಿಮೈ ಗಂಡಸರಿಗೆ ಮಾದರಿಯಾಗಿ ನಿಂತವರಲ್ಲಿ ಭಾರತೀಯರಿದ್ದರು. ಹಳೆಯ ಚೀನೀ ಚಿತ್ರದಲ್ಲಿ ಬರಿಮೈ ಅಪರೂಪ, ಬಟ್ಟೆಯ ಗೆರೆಯೇ ಎಲ್ಲ ಹೇಳುತ್ತಿತ್ತು. ಇಲ್ಲಿ ಅದೇ ಕುಂಚ, ಅದೇ ಮಸಿ, ಆದರೆ ಬೆನ್ನು, ತೊಡೆ, ಹೊಟ್ಟೆಯ ಭಾರ ಬಂದಿದೆ. ಕೆಲವು ಕಡೆ ಎರಡೂ ಪದ್ಧತಿ ಹೊಂದಿಕೊಂಡಿಲ್ಲ ಅಂತ ನನಗೆ ಅನ್ನಿಸುತ್ತದೆ, ಮೈ ಒಂದು ಶಾಲೆಯದು, ಮರ-ಗಿಡ ಇನ್ನೊಂದು ಶಾಲೆಯದು. ಆದರೂ ಆ ಧೈರ್ಯ ದೊಡ್ಡದು.

ಗೆರೆಯಲ್ಲೇ ಮೈಯ ಚಲನೆ ಹಿಡಿಯುವುದನ್ನು ನಮ್ಮವರಲ್ಲಿ ನೋಡಬೇಕಾದರೆ ಚಿತ್ರಕಾರ ಕೆ.ಕೆ. ಹೆಬ್ಬಾರರ ನರ್ತಕರನ್ನು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದವರು. ಅವರ ಗೆರೆ ಚೀನಾದಿಂದ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಕಣ್ಣು ಪಳಗಿಸಲು ಹೇಳಿದೆ.

ಪ್ರಶ್ನೆ: ಮಗಳು ಹತ್ತನೇ ಕ್ಲಾಸು, ಚಿತ್ರದ ಹುಚ್ಚು. ಈ ಶೈಲಿ ಕಲಿಯಬೇಕು ಅಂತಾಳೆ. ಎಲ್ಲಿಂದ ಶುರು ಮಾಡಲಿ? (ಡೊಂಬಿವಿಲಿಯ ಓದುಗರು)

ಬಣ್ಣದಿಂದ ಬೇಡ ಅಮ್ಮ. ಬರೀ ಮಸಿಯ ಗೆರೆಯಿಂದ ಶುರು ಮಾಡಲಿ. ಸೋಂಗ್ ಕಾಲದ ಲಿ ಗೊಂಗ್‌ಲಿನ್ ಹೆಚ್ಚಾಗಿ ಬಣ್ಣ ಬಿಟ್ಟು ಗೆರೆಯಲ್ಲೇ ಬರೆದ, ಅವನ ಕುದುರೆ ಮತ್ತು ಕುದುರೆ ನೋಡಿಕೊಳ್ಳುವ ಆಳುಗಳ ಚಿತ್ರಗಳ ಫೋಟೋ ಮ್ಯೂಸಿಯಂ ವೆಬ್‌ಸೈಟ್‌ಗಳಲ್ಲಿ ಸಿಗುತ್ತವೆ. ತುದಿ ಚೂಪಾದ, ಸ್ವಲ್ಪ ಬಿರುಸು ಕೂದಲಿನ ಕುಂಚ ಕೊಡಿಸಿ. ಕುಂಚ ನೆಟ್ಟಗೆ ಹಿಡಿಯಬೇಕು, ಕೈ ಮೇಜಿನ ಮೇಲೆ ಊರದೆ ತೋಳಿನಿಂದ ಎಳೆಯಬೇಕು. ಮೊದಲು ಹಳೇ ಪೇಪರ್ ಮೇಲೆ ಉದ್ದ ಗೆರೆ, ದಪ್ಪ-ತೆಳು ಆಗದೆ ಒಂದೇ ಸಮ ಬರುವ ತನಕ. ಆಮೇಲೆ ಅಂಗಿಯ ಒಂದು ತೋಳಿನ ಮಡಿಕೆ, ಅಷ್ಟೇ ಬರೆಯಲಿ, ಪೂರ್ತಿ ಮನುಷ್ಯ ಬೇಡ. ಚೀನೀ ಕಾಗದ ಕೊಳ್ಳುವಾಗ ನೋಡಿಕೊಳ್ಳಿ: ಪಟಿಕ-ಅಂಟು ಹಚ್ಚಿದ್ದಾದರೆ ಗೆರೆ ನಿಲ್ಲುತ್ತದೆ, ಹಚ್ಚದ್ದಾದರೆ ಮಸಿ ಹರಡುತ್ತದೆ. ಅವಳಿಗೆ ಮೊದಲನೆಯದೇ ಸರಿ. ಒಂದು ಭಾನುವಾರ ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಚೀನಾ-ಜಪಾನಿನ ಕಲಾವಸ್ತುಗಳ ಸಂಗ್ರಹ ಇದೆ. ಪಿಂಗಾಣಿಯ ಮೇಲಿನ ಪುಟ್ಟ ಮನುಷ್ಯರನ್ನೂ ಅದೇ ಕುಂಚದಿಂದಲೇ ಬರೆದಿರುತ್ತಾರೆ, ಅವರ ಅಂಗಿಯ ತೋಳುಗಳ ಗೆರೆ ನೋಡಿ ಪೆನ್ಸಿಲ್‌ನಲ್ಲಿ ಪ್ರತಿ ಮಾಡಿಕೊಳ್ಳಲಿ.